ಬ್ಯಾಗು ಕಾಯುತ್ತಾ ಕೂತವರು

(ಈ ಬೇಸಿಗೆಯಲ್ಲಿ ಚಿಕ್ಕಮಗಳೂರಿನ ಓದುಗರ ಬಳಗವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನನ್ನ ಕೈಯಲ್ಲಿ ಒಂದು ಹಳೇ ಫೋಟೊ ಇದೆ. ಹಿಂದಿನ ಸಾಲಿನವರಿಗೆ ಕಾಣುವುದಿಲ್ಲ, ಹಾಗಾಗಿ ಅದರಲ್ಲಿ ಏನಿದೆ ಅಂತ ಹೇಳಿಬಿಡುತ್ತೇನೆ.

1995ರ ಮೇ ತಿಂಗಳು. ಮದ್ರಾಸಿನ ಹೊರಗಿದ್ದ ಒಂದು ಅಮ್ಯೂಸ್‌ಮೆಂಟ್ ಪಾರ್ಕಿನ ಗೇಟು. ಅದರ ಮುಂದೆ ಹದಿಮೂರು ಜನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ. ಹದಿನಾಲ್ಕನೆಯವರು ನಮ್ಮ ಚಿಕ್ಕಪ್ಪ, ಫೋಟೊ ತೆಗೆಯುತ್ತಿರುವವರು ಅವರೇ. ಮಧ್ಯದಲ್ಲಿ ಅಜ್ಜಿ, ಕೈಯಲ್ಲಿ ನಾಲ್ಕು ಡಬ್ಬಿಯ ಟಿಫಿನ್ ಕ್ಯಾರಿಯರ್. ನನ್ನ ಪಕ್ಕದಲ್ಲಿ ಆರು ವರ್ಷದ ತಮ್ಮ. ಅವನ ತಲೆ ಬೋಳು, ತಲೆ ತುಂಬ ಗಂಧ. ಎರಡು ದಿನದ ಹಿಂದೆ ತಿರುಪತಿಯಲ್ಲಿ ಮುಡಿ ಕೊಟ್ಟಿದ್ದೆವು. ಎಲ್ಲರಿಗಿಂತ ಕೊನೆಯಲ್ಲಿ, ಅರ್ಧ ಭುಜ ಫೋಟೊದಿಂದ ಹೊರಗೆ ಹೋಗಿರುವವಳು ಅಮ್ಮ. ಎರಡೂ ಹೆಗಲಿಗೆ ಬ್ಯಾಗು. ಒಂದು ಕೈಯಲ್ಲಿ ನೀರಿನ ಕ್ಯಾನು.

ಆ ದಿನದ್ದು ಅಂತ ನಮ್ಮ ಹತ್ತಿರ ಇರುವುದು ಇದೊಂದೇ ಫೋಟೊ. ಕ್ಯಾಮೆರಾ ಇತ್ತು, 36ರ ರೀಲೂ ಇತ್ತು. ಆದರೆ ಒಳಗೆ ನೀರಾಟ ಅಂತ ಕ್ಯಾಮೆರಾ ಬ್ಯಾಗಿಗೆ ಹೋಯಿತು. ಆ ಕಾಲದಲ್ಲಿ ಇಂಥ ಪಾರ್ಕಿಗೆ ಹೋದವರ ಮನೆಯ ಆಲ್ಬಂ ತೆಗೆದು ನೋಡಿ. ಗೇಟಿನ ಮುಂದಿನ ಫೋಟೊ ಇರುತ್ತದೆ, ಜಾರುಬಂಡೆಯ ಫೋಟೊ ಇರುವುದಿಲ್ಲ. ಒಳಗೆ ಆಗಿದ್ದೆಲ್ಲ ನೆನಪಿನಲ್ಲೇ ಉಳಿಯಬೇಕಿತ್ತು. ಅದಕ್ಕೇ ಇರಬೇಕು, ಆ ನೆನಪು ಇಷ್ಟು ಗಟ್ಟಿ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಥರದ ಪ್ರವಾಸಗಳ ಬಗ್ಗೆ. ಇಡೀ ಮನೆಯವರು ಒಂದು ವ್ಯಾನು ಮಾಡಿಕೊಂಡು, ಒಂದು ಪಾರ್ಕಿಗೆ ಹೋಗಿ, ಬೆಳಗಿನಿಂದ ಸಂಜೆವರೆಗೆ ಅಲ್ಲೇ ಇದ್ದು ಬರುತ್ತಿದ್ದ ಪ್ರವಾಸ. ನನ್ನ ವಯಸ್ಸಿನವರು ಸೇರಿದಲ್ಲೆಲ್ಲ ಈ ಮಾತು ಬರುತ್ತದೆ. ಬಂದಾಗೆಲ್ಲ ನಾವು ಆಟಗಳ ಹೆಸರು ಹೇಳುತ್ತೇವೆ. ಕೊಲಂಬಸ್, ಡ್ಯಾಶಿಂಗ್ ಕಾರು, ಅಲೆ ಏಳುವ ಕೊಳ. ಬ್ಯಾಗು ಕಾಯುತ್ತಾ ಕೂತಿದ್ದವರ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ನಾನೂ ಹೇಳುತ್ತಿರಲಿಲ್ಲ.

ಮೊದಲು, ಆ ಪ್ರವಾಸಕ್ಕೆ ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ಹೇಳಬೇಕು. ಈ ಊರಿನಲ್ಲಿ ಅದನ್ನು ಬಿಟ್ಟು ಯಾವ ಕಥೆಯನ್ನೂ ಹೇಳುವುದಕ್ಕೆ ಆಗುವುದಿಲ್ಲ.

ನಮ್ಮದು ಆಲ್ದೂರಿನ ಕಡೆ ಸಣ್ಣ ತೋಟ. ಆಗೆಲ್ಲ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕಿತ್ತು, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟು ಮಾಡಿ ಬೋರ್ಡೇ ಮಾರುತ್ತಿತ್ತು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಈ ವರ್ಷದ ಕಾಫಿಯ ಕೊನೇ ಕಂತು ಬರುವ ಹೊತ್ತಿಗೆ ಮುಂದಿನ ಫಸಲೇ ಕಣಕ್ಕೆ ಬಂದಿರುತ್ತಿತ್ತು. 1992ರಿಂದ ಈ ಕಟ್ಟು ಸ್ವಲ್ಪ ಸ್ವಲ್ಪವಾಗಿ ಸಡಿಲಾಯಿತು. ಒಂದು ಪಾಲನ್ನು ಹೊರಗೆ ಮಾರಬಹುದು ಅಂತಾಯಿತು. 1996ರಲ್ಲಿ ಪೂರ್ತಿ ಬಿಟ್ಟರು. ಈ ನಡುವೆ, 1994ರ ಜೂನ್, ಜುಲೈನಲ್ಲಿ, ಬ್ರೆಜಿಲ್‌ನಲ್ಲಿ ಎರಡು ಸಲ ಕೊರೆಯುವ ಹಿಮ ಬಿದ್ದು ಕಾಫಿ ಗಿಡಗಳು ಸುಟ್ಟ ಹಾಗೆ ಕರಟಿಹೋದವು. ಪ್ರಪಂಚದಲ್ಲಿ ಎಲ್ಲರಿಗಿಂತ ಜಾಸ್ತಿ ಕಾಫಿ ಬೆಳೆಯುವ ದೇಶ ಅದು. ಅಲ್ಲಿ ಗಿಡ ಕರಟಿತು, ಇಲ್ಲಿ ರೇಟು ಏರಿತು. ಇಲ್ಲಿ ಕೂತಿರುವ ಹಿರಿಯರಿಗೆ ಆ ವರ್ಷ ಚೆನ್ನಾಗಿ ನೆನಪಿರುತ್ತದೆ. ಮಲೆನಾಡಿನಲ್ಲಿ ಆಗ ಎಷ್ಟು ಮನೆಗಳಿಗೆ ತಾರಸಿ ಬಂತು, ಎಷ್ಟು ಅಂಗಳಗಳಿಗೆ ಮಾರುತಿ ಕಾರು ಬಂತು! ನಮ್ಮಲ್ಲಿ ಕಾರು ಬರಲಿಲ್ಲ. ಸೊಸೈಟಿ ಸಾಲ ತೀರಿತು, ಅಮ್ಮನ ಅಡವಿಟ್ಟ ಬಳೆ ಮನೆಗೆ ವಾಪಸ್ ಬಂತು. ಉಳಿದದ್ದರಲ್ಲಿ ಅಪ್ಪ ಒಂದು ಪ್ರವಾಸ ಮಾಡೋಣ ಅಂದರು.

ಅಂದರೂ ಹೊರಡುವ ದಿನ ಅಪ್ಪನ ಕೈಯಲ್ಲಿ ಇರಲಿಲ್ಲ. ತೋಟದವರಿಗೆ ಗೊತ್ತು. ಮಾರ್ಚ್, ಏಪ್ರಿಲ್‌ನಲ್ಲಿ ಹೂ ಮಳೆ ಬರಬೇಕು. ಮಳೆ ಬಂದ ಒಂಬತ್ತು, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆ ಥರ ಪರಿಮಳ ಬರಬೇಕು. ಅದಾದ ಮೇಲೆ ಬ್ಯಾಕಿಂಗ್ ಮಳೆ ಬೀಳಬೇಕು, ಇಲ್ಲದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಮಳೆ ತಡವಾದರೆ ಹೊಳೆಯಿಂದ ನೀರು ಹೊಡೆಯಬೇಕು, ರಾತ್ರಿಯೆಲ್ಲ ಪೈಪು ಬದಲಿಸಬೇಕು. ನಮಗೆ ಮಕ್ಕಳಿಗೆ ಪರೀಕ್ಷೆ ಮುಗಿದು ರಜಾ ಬಂದಿತ್ತು. ದಿನಾ ಸಂಜೆ ಜಗಲಿಯಲ್ಲಿ ಕೂತು ಆಕಾಶ ನೋಡುತ್ತಿದ್ದೆವು. ಬ್ಯಾಕಿಂಗ್ ಮಳೆ ಬಿದ್ದ ರಾತ್ರಿ ಅಪ್ಪ ಒಳಗೆ ಬಂದು, ತಲೆ ಒರೆಸಿಕೊಳ್ಳುತ್ತಾ, "ಮೆಟಡೋರ್‌ನವನಿಗೆ ನಾಳೆ ಹೇಳಿ ಬರ್ತೀನಿ" ಅಂದರು. ನನ್ನ ಜೀವನದಲ್ಲಿ ಅಷ್ಟು ಖುಷಿ ಕೊಟ್ಟ ಮಾತು ಜಾಸ್ತಿ ಇಲ್ಲ.

ಆ ವ್ಯಾನಿನಲ್ಲಿ ನಾವು ನಾಲ್ವರು, ಅಜ್ಜಿ, ಚಿಕ್ಕಪ್ಪನ ಮನೆಯ ನಾಲ್ವರು, ಅತ್ತೆ ಮನೆಯ ಐವರು. ಚಿಕ್ಕಮಗಳೂರಿಗೆ ಆಗ ರೈಲೇ ಇರಲಿಲ್ಲ, ಅದು ಬಂದಿದ್ದು 2013ರಲ್ಲಿ. ಕಡೂರು, ಅರಸೀಕೆರೆ, ತಿಪಟೂರು, ತುಮಕೂರು, ಬೆಂಗಳೂರು, ಕೋಲಾರ, ಮುಳಬಾಗಿಲು ದಾಟಿ ತಿರುಪತಿ. ಅಲ್ಲಿಂದ ಮದ್ರಾಸು. ದಾರಿ ಉದ್ದಕ್ಕೂ ವಾಂತಿ, ನಿಂಬೆಹಣ್ಣು, ಅಂತ್ಯಾಕ್ಷರಿ, ಮತ್ತೆ ವಾಂತಿ. ಕಿಟಕಿ ಪಕ್ಕದ ಸೀಟಿಗೆ ಜಗಳ. ಅದೆಲ್ಲ ನಿಮಗೂ ಗೊತ್ತಿರುವುದೇ, ಅಲ್ವಾ?

ಪಾರ್ಕಿನ ಗೇಟಿನಲ್ಲಿ ಒಂದು ಸಂಗತಿ ನಡೆಯಿತು. ಮೂವತ್ತು ವರ್ಷ ಆದರೂ ನನಗೆ ಅದು ಮರೆತಿಲ್ಲ.

ಹಿಂದಿನ ರಾತ್ರಿ ನಾವು ಚಿಕ್ಕಪ್ಪನ ಸ್ನೇಹಿತರ ಮನೆಯಲ್ಲಿ ಉಳಿದಿದ್ದೆವು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅಜ್ಜಿ, ಅಮ್ಮ, ಚಿಕ್ಕಮ್ಮ, ಅತ್ತೆ ನಾಲ್ವರೂ ಸೇರಿ ಹದಿನಾಲ್ಕು ಜನಕ್ಕೆ ಚಪಾತಿ, ಚಿತ್ರಾನ್ನ, ಮೊಸರನ್ನ ಮಾಡಿದ್ದರು. ಗೇಟಿನಲ್ಲಿ ಒಬ್ಬ ಹುಡುಗ ಟಿಫಿನ್ ಕ್ಯಾರಿಯರ್ ಮುಟ್ಟಿ, ಊಟ ಒಳಗೆ ಬಿಡುವುದಿಲ್ಲ ಅಂದ. ಒಳಗೆ ಹೋಟೆಲ್ ಇದೆ, ಅಲ್ಲೇ ತಿನ್ನಬೇಕು ಅಂತ. ಅಜ್ಜಿಗೆ ಅದು ಅರ್ಥವೇ ಆಗಲಿಲ್ಲ. ಅವಳ ಲೆಕ್ಕದಲ್ಲಿ ಬುತ್ತಿ ತರಬೇಡ ಅನ್ನುವ ಜಾಗ ಇರುವುದಕ್ಕೇ ಸಾಧ್ಯವಿಲ್ಲ. ದೇವಸ್ಥಾನಕ್ಕೆ ಹೋದರೂ, ಆಸ್ಪತ್ರೆಗೆ ಹೋದರೂ, ಜಾತ್ರೆಗೆ ಹೋದರೂ ಬುತ್ತಿ ಇರುತ್ತಿತ್ತು. ಅವಳು ಆ ಹುಡುಗನಿಗೇ, "ನೀನೂ ಒಂಚೂರು ತಿನ್ನಪ್ಪಾ, ಆಮೇಲೆ ಬಿಡು" ಅಂದಳು. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಕೊನೆಗೆ ನಾವು ಹದಿನಾಲ್ಕು ಜನವೂ ರಸ್ತೆ ಬದಿಯ ಒಂದು ಹುಣಸೇಮರದ ಕೆಳಗೆ ಕೂತು, ಬೆಳಗ್ಗೆ ಹತ್ತು ಗಂಟೆಗೆ, ಮಧ್ಯಾಹ್ನದ ಊಟವನ್ನು ಮುಗಿಸಿದೆವು. ಹಸಿವಿರಲಿಲ್ಲ. ಆದರೂ ಯಾರೂ ಬೇಡ ಅನ್ನಲಿಲ್ಲ, ಅಜ್ಜಿಯ ಮುಖ ನೋಡಿ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಡ್ರೈವರ್ ಅಣ್ಣನೂ ಹಾಕಿಸಿಕೊಂಡ. ಡಬ್ಬಿ ಖಾಲಿಯಾದ ಮೇಲೆ ಒಳಗೆ ಹೋದೆವು. ಒಳಗೆ ಮಾರುತ್ತಿದ್ದ ಊಟದ ಬೆಲೆ ನೋಡಿ ಅಪ್ಪ ಏನೂ ಮಾತಾಡಲಿಲ್ಲ. ಸಂಜೆವರೆಗೂ ನಮ್ಮ ಹೊಟ್ಟೆ ಕಾಪಾಡಿದ್ದು ಆ ಹತ್ತು ಗಂಟೆಯ ಚಿತ್ರಾನ್ನವೇ.

ಈಗ ಟಿಕೆಟ್ ವಿಷಯಕ್ಕೆ ಬರುತ್ತೇನೆ. ನನ್ನ ಮಾತಿನ ತಿರುಳು ಇಲ್ಲೇ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪಾರ್ಕಿಗಿಂತ ಮೊದಲು ನಮಗೆ ಗೊತ್ತಿದ್ದದ್ದು ಜಾತ್ರೆ. ಬೇಲೂರು ತೇರು. ಅಲ್ಲಿಗೆ ಮರದ ತೊಟ್ಟಿಲು ಬರುತ್ತಿತ್ತು. ನಾಲ್ಕು ಪೆಟ್ಟಿಗೆ, ನಡುವೆ ಒಂದು ಅಚ್ಚು, ಇಬ್ಬರು ಕೈಯಲ್ಲೇ ಎಳೆದು ತಿರುಗಿಸುವುದು. ಮೇಲೆ ಹೋದಾಗ ಮರ ಕಿರ್ ಅನ್ನುತ್ತಿತ್ತು. ಆಮೇಲಿನ ವರ್ಷಗಳಲ್ಲಿ ಮೋಟಾರಿನ ಜೈಂಟ್ ವ್ಹೀಲ್ ಬಂತು. ಮೈಸೂರಿಗೆ ಹೋದರೆ ದಸರಾ ವಸ್ತು ಪ್ರದರ್ಶನ ಇತ್ತು. ಅದು 1880ರಷ್ಟು ಹಿಂದೆ, ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ ಶುರುವಾದದ್ದು. ಅಲ್ಲಿ ತಟ್ಟೆಯಗಲದ ಡೆಲ್ಲಿ ಹಪ್ಪಳಕ್ಕೆ ಖಾರದಪುಡಿ ಉದುರಿಸಿಕೊಂಡು ತಿನ್ನುತ್ತಾ, ಯಾವ ಆಟ ಆಡುವುದು ಅಂತ ನಾವು ತೀರ್ಮಾನ ಮಾಡುತ್ತಿದ್ದೆವು. ತೀರ್ಮಾನ ಮಾಡಲೇಬೇಕಿತ್ತು. ಯಾಕೆಂದರೆ ಇಲ್ಲೆಲ್ಲ ಒಂದೊಂದು ಆಟಕ್ಕೆ ಒಂದೊಂದು ಟಿಕೆಟ್. ಅಪ್ಪ ಜೇಬಿಗೆ ಕೈ ಹಾಕುವ ಮೊದಲೇ ಅಮ್ಮ ಹೇಳಿಬಿಡುತ್ತಿದ್ದಳು. "ನಂಗೆ ತಲೆ ಸುತ್ತುತ್ತೆ. ನೀವು ಹೋಗಿ, ನಾನು ಬ್ಯಾಗು ನೋಡ್ಕೋತೀನಿ."

ಒಂದು ಟಿಕೆಟ್ ಉಳಿಯಿತು. ಉಳಿದ ದುಡ್ಡಿಗೆ ತಮ್ಮನಿಗೆ ಇನ್ನೊಂದು ಸುತ್ತು, ಅಥವಾ ಎಲ್ಲರಿಗೂ ಮಂಡಕ್ಕಿ. ಜಾತ್ರೆಯಲ್ಲಿ ಅಮ್ಮನ ಆ ಮಾತಿಗೆ ಬೆಲೆ ಇತ್ತು. ಎಣಿಸಿ ಹೇಳಬಹುದಾದ ಬೆಲೆ.

ಆದರೆ ಮದ್ರಾಸಿನ ಪಾರ್ಕಿನಲ್ಲಿ ಹಾಗಿರಲಿಲ್ಲ. ಗೇಟಿನಲ್ಲಿ ಒಂದೇ ಟಿಕೆಟ್. ಅದನ್ನು ಕೊಂಡರೆ ಒಳಗಿನ ಆಟವೆಲ್ಲ ಎಷ್ಟು ಸಲ ಬೇಕಾದರೂ ಆಡಬಹುದು. ಎಲ್ಲರಿಗೂ ಪೂರ್ತಿ ದುಡ್ಡು ಕೊಡಲೇಬೇಕು. ಅಪ್ಪ ಕೌಂಟರಿನಲ್ಲಿ ನಿಂತು ಅದನ್ನು ತೋಟದ ಕೂಲಿಯ ಲೆಕ್ಕದಲ್ಲಿ ಎಣಿಸಿದ್ದು ನನಗೆ ನೆನಪಿದೆ. ಒಬ್ಬರ ಟಿಕೆಟ್ಟಿಗೆ ಒಂದಾಳಿನ ಎಷ್ಟೋ ದಿನದ ಕೂಲಿ. ಅಷ್ಟು ಕೊಟ್ಟು ಒಳಗೆ ಹೋದ ಮೇಲೆ, ಮೊದಲನೇ ಆಟದ ಹತ್ತಿರ, ಅಮ್ಮ ಅದೇ ಮಾತು ಹೇಳಿದಳು. "ನಂಗೆ ತಲೆ ಸುತ್ತುತ್ತೆ. ನೀವು ಹೋಗಿ."

ಅಲ್ಲಿ ಅವಳು ಕೂತಿದ್ದರಿಂದ ಒಂದು ಪೈಸೆಯೂ ಉಳಿಯಲಿಲ್ಲ. ಅವಳ ದುಡ್ಡು ಆಗಲೇ ಕೊಟ್ಟಾಗಿತ್ತು. ಆದರೆ ಅಷ್ಟು ವರ್ಷ ಹೇಳಿ ಹೇಳಿ ಆ ಮಾತು ಅವಳ ನಾಲಿಗೆಗೆ ಅಂಟಿಕೊಂಡಿತ್ತು. ನಮ್ಮ ಕಿವಿಗೂ ಅಂಟಿಕೊಂಡಿತ್ತು. ಹಾಗಾಗಿ ನಮ್ಮಲ್ಲಿ ಒಬ್ಬರೂ, "ದುಡ್ಡು ಕೊಟ್ಟಿದೀವಲ್ಲಮ್ಮ, ನೀನೂ ಬಾ" ಅನ್ನಲಿಲ್ಲ. ಅಪ್ಪನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಅವಳು ಒಂದು ಸಿಮೆಂಟ್ ಬೆಂಚು ನೋಡಿಕೊಂಡಳು. ಅದರ ಮೇಲೆ ನಮ್ಮ ಬ್ಯಾಗು, ಚಪ್ಪಲಿ, ಅಪ್ಪನ ವಾಚು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪರ್ಸು, ಚಿಕ್ಕಪ್ಪನ ಕ್ಯಾಮೆರಾ, ಅತ್ತೆಯ ಕನ್ನಡಕ, ಹದಿನಾಲ್ಕು ಜನದ ಒಣ ಬಟ್ಟೆ. ಎಲ್ಲದರ ನಡುವೆ ಅಮ್ಮ.

ನೀರಿನ ಕಡೆಗಂತೂ ಅವಳು ಬರುವ ಹಾಗೇ ಇರಲಿಲ್ಲ. ಸೀರೆಯಲ್ಲಿ, ಹತ್ತಿ ಬಟ್ಟೆಯಲ್ಲಿ ಕೊಳಕ್ಕೆ ಬಿಡುವುದಿಲ್ಲ ಅಂತ ಬೋರ್ಡು. ಇವತ್ತಿಗೂ ವಾಟರ್ ಪಾರ್ಕುಗಳಲ್ಲಿ ಅದೇ ನಿಯಮ, ನೈಲಾನ್ ಬಟ್ಟೆಯೇ ಬೇಕು. ಹತ್ತಿಯ ನೂಲು ಬಿಟ್ಟು ಹೋಗಿ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ, ಸೆರಗು ಜಾರುಬಂಡೆಗೆ ಸಿಕ್ಕಿದರೆ ಅಪಾಯ. ಕಾರಣ ಸರಿಯಾದದ್ದೇ. ಆದರೆ 1995ರಲ್ಲಿ ಚಿಕ್ಕಮಗಳೂರು ಕಡೆಯ ಯಾವ ತಾಯಿ ನೈಲಾನ್ ಡ್ರೆಸ್ ಬಾಡಿಗೆಗೆ ತಗೊಂಡು, ಭಾವ ಮೈದುನರ ಮುಂದೆ ನೀರಿಗೆ ಇಳಿಯುತ್ತಿದ್ದಳು? ಅಲ್ಲಿದ್ದ ಅಷ್ಟೂ ಬೆಂಚುಗಳ ಮೇಲೆ ಸೀರೆಯುಟ್ಟ ಹೆಂಗಸರೇ. ಸಾಲಾಗಿ. ನಾನು ಅದನ್ನು ನೋಡಿದ್ದೆ, ಆದರೆ ಗಮನಿಸಿರಲಿಲ್ಲ.

ಒಂದು ಸೋಜಿಗ ನೋಡಿ. ಈ ಥೀಮ್ ಪಾರ್ಕ್ ಅನ್ನುವ ಯೋಚನೆಯೇ ಒಂದು ಬೆಂಚಿನ ಮೇಲೆ ಹುಟ್ಟಿದ್ದು. ವಾಲ್ಟ್ ಡಿಸ್ನಿ ರಜಾ ದಿನ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದರು. ಮಕ್ಕಳು ತಿರುಗುವ ಕುದುರೆಯ ಮೇಲೆ, ಅಪ್ಪ ಬೆಂಚಿನ ಮೇಲೆ, ಕೈಯಲ್ಲಿ ಕಡಲೆಕಾಯಿ. ದೊಡ್ಡವರೂ ಮಕ್ಕಳೂ ಒಟ್ಟಿಗೆ ಆಡುವ ಒಂದು ಜಾಗ ಯಾಕೆ ಇರಬಾರದು ಅಂತ ಅಲ್ಲಿ ಕೂತು ಅನ್ನಿಸಿತು ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು, ಕಿತ್ತಳೆ ತೋಟ ಇದ್ದ ಜಾಗದಲ್ಲಿ. ಅಲ್ಲೂ ಎಷ್ಟೋ ವರ್ಷ ಆಟಕ್ಕೆ ತಕ್ಕ ಚೀಟಿ ಇತ್ತು. ಸಣ್ಣ ಆಟಕ್ಕೆ ಎ ಚೀಟಿ, ಎಲ್ಲಕ್ಕಿಂತ ದೊಡ್ಡ ಆಟಕ್ಕೆ ಇ ಚೀಟಿ. 1982ರಲ್ಲಿ ಅದು ಹೋಗಿ ಒಂದೇ ಟಿಕೆಟ್ ಆಯಿತು. ಅಂದರೆ ಯಾರೂ ಬೆಂಚಿನ ಮೇಲೆ ಕೂರಬಾರದು ಅಂತ ಹುಟ್ಟಿದ ಜಾಗ ಇದು. ಹಾಗಿದ್ದೂ ನಮ್ಮ ಅಮ್ಮಂದಿರೆಲ್ಲ ಬೆಂಚಿನ ಮೇಲೆಯೇ ಉಳಿದರು.

ನಮ್ಮ ದೇಶಕ್ಕೆ ಇದು ಬಂದದ್ದು ತಡವಾಗಿ. 1982ರ ಏಷ್ಯನ್ ಗೇಮ್ಸಿನ ಆನೆಮರಿ ಅಪ್ಪು ನಿಮಗೆ ನೆನಪಿರಬಹುದು. ಅದರ ಹೆಸರಿನಲ್ಲೇ 1984ರಲ್ಲಿ ದೆಹಲಿಯಲ್ಲಿ ಅಪ್ಪು ಘರ್ ಶುರುವಾಯಿತು. 2008ರಲ್ಲಿ ಅದನ್ನು ಮುಚ್ಚಿದರು. 1989ರಲ್ಲಿ ಮುಂಬೈನ ಎಸ್ಸೆಲ್ ವರ್ಲ್ಡ್ ಬಂತು. ಅದರ ಜಾಹೀರಾತು ಟಿವಿಯಲ್ಲಿ ಬಂದಾಗ ನಾವು ಊಟದ ತಟ್ಟೆ ಬಿಟ್ಟು ಎದ್ದು ಬರುತ್ತಿದ್ದೆವು. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಆಯಿತು. ಅದೇ ಮಾಲೀಕರ ಕಂಪನಿ 2005ರಲ್ಲಿ ಬಿಡದಿಯ ಹತ್ತಿರ ವಂಡರ್‌ಲಾ ಮಾಡಿತು. ಆ ಮೇಲೆ ಹಾಸನ, ಚಿಕ್ಕಮಗಳೂರಿನ ಮಕ್ಕಳಿಗೆ ಮದ್ರಾಸು ಬೇಕಾಗಲಿಲ್ಲ. ಶಾಲೆಯ ಟೂರು ಅಂದರೆ ಮೃಗಾಲಯ, ಅರಮನೆ, ಕೆಆರ್‌ಎಸ್ ಕಾರಂಜಿ ಅಂತಿದ್ದದ್ದಕ್ಕೆ ಇನ್ನೊಂದು ದಿನ ಸೇರಿತು.

ಆದರೆ ಆ ಹೊತ್ತಿಗೆ ನಮ್ಮ ಮನೆಯ ಪ್ರವಾಸ ನಿಂತುಹೋಗಿತ್ತು. 1999ರಿಂದ ಕಾಫಿ ರೇಟು ಇಳಿಯುತ್ತಾ ಹೋಯಿತು. 2001, 2002ರ ಹೊತ್ತಿಗೆ ಕೊಯ್ಲಿನ ಕೂಲಿಯೂ ಹುಟ್ಟುತ್ತಿರಲಿಲ್ಲ. ಬಳೆ ಮತ್ತೆ ಬ್ಯಾಂಕಿಗೆ ಹೋಯಿತು. ಚಿಕ್ಕಪ್ಪ ತಮ್ಮ ಪಾಲು ಮಾರಿ ಬೆಂಗಳೂರಿಗೆ ಹೊರಟರು. ಆ ಹದಿನಾಲ್ಕು ಜನ ಒಂದೇ ಗಾಡಿಯಲ್ಲಿ ಕೂತದ್ದು ಮತ್ತೆ ಆಗಲೇ ಇಲ್ಲ. ಅಜ್ಜಿಯ ಕಾರ್ಯಕ್ಕೆ ಬಂದಾಗಲೂ ಒಬ್ಬೊಬ್ಬರು ಒಂದೊಂದು ಕಡೆಯಿಂದ ಬಂದು ಹೋದರು. ಹಾಗಾಗಿ ಆ ಪಾರ್ಕಿನ ನೆನಪು ನನಗೆ ಬರೀ ಆಟದ ನೆನಪಲ್ಲ. ಬ್ರೆಜಿಲ್‌ನಲ್ಲಿ ಗಿಡ ಕರಟಿದ ವರ್ಷಕ್ಕೂ ಇಲ್ಲಿ ರೇಟು ಬಿದ್ದ ವರ್ಷಕ್ಕೂ ನಡುವೆ ನಮಗೆ ಸಿಕ್ಕಿದ್ದ ನಾಲ್ಕೈದು ವರ್ಷದ ನೆನಪು. ನಿಮ್ಮಲ್ಲಿ ಸುಮಾರು ಜನಕ್ಕೆ ಹೀಗೇ ಇರಬೇಕು. ಕೆಲವರು ತಲೆ ಆಡಿಸುತ್ತಿದ್ದೀರಿ.

ಆಗಿನದೇ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಆ ಪಾರ್ಕಿನ ಶೌಚಾಲಯಕ್ಕೆ ಕಾಲಿಡುವ ಹಾಗಿರಲಿಲ್ಲ. ಕೆಲವು ಆಟಗಳಲ್ಲಿ ಬೆಲ್ಟಿನ ಬದಲು ಒಂದು ಸರಪಳಿ ಅಡ್ಡ ಹಾಕುತ್ತಿದ್ದರು. ಈಗ ಬೆಲ್ಟು ಇದೆ, ಎತ್ತರ ಅಳೆದೇ ಮಕ್ಕಳನ್ನು ಬಿಡುತ್ತಾರೆ, ಕೊಳದ ಹತ್ತಿರ ಕಾವಲಿನವರು ಇರುತ್ತಾರೆ. ತಮ್ಮ ಅವತ್ತು ಕಳೆದುಹೋಗಿ ಅರ್ಧ ಗಂಟೆ ನಮ್ಮ ಜೀವ ಹೋಗಿತ್ತು. ಬೋಳುತಲೆ ಹುಡುಗ ಅಂತ ಹುಡುಕಿದರೆ, ಪಾರ್ಕಿನ ತುಂಬ ಬೋಳುತಲೆಯ ಹುಡುಗರೇ. ನಮ್ಮ ಹಾಗೇ ತಿರುಪತಿ ಮುಗಿಸಿಕೊಂಡು ಬಂದವರು. ಮೈಕಿನಲ್ಲಿ ತಮಿಳಿನಲ್ಲಿ ಏನೋ ಕೂಗುತ್ತಿದ್ದರು, ನಮಗೆ ತಿಳಿಯಲಿಲ್ಲ. ಅಮ್ಮನಿಗೆ ತಿಳಿಯಿತು. ಬ್ಯಾಗುಗಳನ್ನು ಅಜ್ಜಿಯ ಕಾಲ ಹತ್ತಿರ ತಳ್ಳಿ, ಬರಿಗಾಲಲ್ಲಿ ಓಡಿದವಳು ಅವನನ್ನು ಸೊಂಟದ ಮೇಲೆ ಎತ್ತಿಕೊಂಡೇ ಬಂದಳು. ಅವಳಿಗೆ ತಮಿಳು ಹೇಗೆ ಗೊತ್ತು ಅಂತ ನಾನು ಆಗ ಕೇಳಲಿಲ್ಲ. ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಮನೆಸಾಲಿನಲ್ಲಿ, ಇದ್ದ ತಮಿಳು ಹೆಂಗಸರ ಜೊತೆ ಎಷ್ಟೋ ವರ್ಷ ಕಾಫಿ ಕೊಯ್ದವಳು, ಅಲ್ಲೇ ಕಲಿತದ್ದು.

ಈಗ ನಮ್ಮೂರೇ ಬೇರೆಯವರಿಗೆ ಪಾರ್ಕಿನ ಥರ ಆಗಿದೆ. ಶನಿವಾರ ಬಂದರೆ ಮುಳ್ಳಯ್ಯನಗಿರಿ ದಾರಿಯಲ್ಲಿ ಕಾರಿನ ಸಾಲು. 1,930 ಮೀಟರ್ ಎತ್ತರದ ಬೆಟ್ಟದ ಮೇಲೆ ನಿಲ್ಲುವುದಕ್ಕೆ ಜಾಗ ಇಲ್ಲ. ನಾನು ಆ ಕಾರುಗಳ ಒಳಗೆ ನೋಡುತ್ತೇನೆ. ಜಾಸ್ತಿ ಅಂದರೆ ನಾಲ್ಕು ಜನ. ಅಜ್ಜಿ ಇರುವುದು ಅಪರೂಪ. ಇದ್ದರೆ ಅವರು ಕಾರಿನಲ್ಲೇ ಕೂತಿರುತ್ತಾರೆ, ಮಡಿಲಲ್ಲಿ ಎಲ್ಲರ ಸ್ವೆಟರು, ಮೊಬೈಲ್ ಚಾರ್ಜರು.

ಕೆಲವು ವರ್ಷದ ಹಿಂದೆ ನಾನು, ನನ್ನ ಗಂಡ, ಮಗಳು ಒಂದು ಪಾರ್ಕಿಗೆ ಹೋಗಿದ್ದೆವು. ಲಾಕರ್ ಇತ್ತು. ಬ್ಯಾಗು ಕಾಯುವ ಕೆಲಸವೇ ಇರಲಿಲ್ಲ. ನಾನು ಸೀರೆ ಉಟ್ಟಿರಲಿಲ್ಲ. ದೊಡ್ಡ ಚಕ್ರದ ಸಾಲಿನಲ್ಲಿ ನಿಂತು, ಮಗಳಿಗೆ ಈ ಚಕ್ರದ ಕಥೆ ಹೇಳುತ್ತಿದ್ದೆ. 1893ರಲ್ಲಿ ಶಿಕಾಗೊದಲ್ಲಿ ಫೆರಿಸ್ ಅನ್ನುವ ಎಂಜಿನಿಯರ್ ಮೊದಲ ಬಾರಿಗೆ ಅಷ್ಟು ದೊಡ್ಡದನ್ನು ಕಟ್ಟಿದ್ದು, 264 ಅಡಿ ಎತ್ತರ, 36 ಪೆಟ್ಟಿಗೆ, ಒಂದೊಂದರಲ್ಲಿ 60 ಜನ ಹಿಡಿಸುತ್ತಿದ್ದದ್ದು. ಸಾಲು ಮುಂದೆ ಹೋಯಿತು. ಗೇಟು ತೆಗೆದರು. ಆಗ ನನ್ನ ಬಾಯಿಂದ ಆ ಮಾತು ಬಂತು. "ನಂಗೆ ತಲೆ ಸುತ್ತುತ್ತೆ. ನೀವು ಹೋಗಿ."

ಸತ್ಯ ಹೇಳುತ್ತೇನೆ, ನನಗೆ ತಲೆ ಸುತ್ತುವುದಿಲ್ಲ. ಯಾವತ್ತೂ ಸುತ್ತಿಲ್ಲ. ಮಗಳು, "ಸರಿಮ್ಮ" ಅಂದಳು, ಅಪ್ಪನ ಕೈ ಹಿಡಿದುಕೊಂಡು ಹೋದಳು. ನಾನು ಹೋಗಿ ಬೆಂಚಿನ ಮೇಲೆ ಕೂತೆ. ಕೂತ ಮೇಲೆ ಗೊತ್ತಾಯಿತು, ನನ್ನ ಎರಡೂ ಕೈ ಮಡಿಲಲ್ಲಿ ಏನನ್ನೋ ಹಿಡಿದುಕೊಂಡ ಹಾಗೆ ಇದ್ದವು. ಅಲ್ಲಿ ಬ್ಯಾಗು ಇರಲಿಲ್ಲ.

ಅವತ್ತಿನಿಂದ ನನಗೆ ಅಮ್ಮನನ್ನು ಕೇಳಬೇಕು ಅಂತ ಇತ್ತು. ಕೇಳಲು ಧೈರ್ಯ ಬರಲಿಲ್ಲ. ಅವಳು ಬೇಜಾರು ಮಾಡಿಕೊಂಡು ಏನಾದರೂ ಅಂದರೆ, ಆ ದಿನವೇ ನನಗೆ ಹಾಳಾಗಿಬಿಡುತ್ತದೆ ಅನ್ನುವ ಹೆದರಿಕೆ. ಇಲ್ಲಿ ಬಂದು ಮಾತಾಡುವುದಕ್ಕೆ ಒಪ್ಪಿಕೊಂಡ ಮೇಲೆ ಕೇಳದೆ ಬೇರೆ ದಾರಿ ಇರಲಿಲ್ಲ. ಹೋದ ವಾರ ಊರಿಗೆ ಹೋಗಿದ್ದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ತಮ್ಮನ ಜೊತೆ ತೋಟದ ಮನೆಯಲ್ಲೇ ಇದ್ದಾಳೆ. ಹಪ್ಪಳಕ್ಕೆ ಅಂತ ಹಲಸಿನಕಾಯಿ ಹೆಚ್ಚಿಕೊಂಡು ಕೂತಿದ್ದಳು. ಮುಂದೆ ಹಳೇ ಪೇಪರು, ಕೈಗೆ ಕೊಬ್ಬರಿ ಎಣ್ಣೆ. ನಾನೂ ಎಣ್ಣೆ ಸವರಿಕೊಂಡು ಪಕ್ಕದಲ್ಲಿ ಕೂತೆ. ತೊಳೆ ಬಿಡಿಸುತ್ತಾ ಈ ಫೋಟೊ ತೋರಿಸಿದೆ. ಅವತ್ತು ಇಡೀ ದಿನ ಆ ಬೆಂಚಿನ ಮೇಲೆ ನಿಂಗೆ ಬೇಜಾರಾಗ್ಲಿಲ್ವಾ ಅಮ್ಮ, ಅಂತ ಕೇಳಿದೆ.

ಅವಳು ಮೇಣ ಅಂಟಿದ ಬೆರಳನ್ನು ಪೇಪರಿಗೆ ಒರೆಸಿ ಫೋಟೊವನ್ನು ದೂರ ಹಿಡಿದು ನೋಡಿದಳು.

"ಬೇಜಾರಾ? ಇಲ್ಲಪ್ಪ. ಮದುವೆ ಆಗಿ ಬಂದ್ಮೇಲೆ ಅಷ್ಟು ಹೊತ್ತು ಸುಮ್ನೆ ಕೂತಿದ್ದು ಅವತ್ತೇ ಮೊದಲು. ಒಲೆ ಇಲ್ಲ, ಕೊಟ್ಟಿಗೆ ಇಲ್ಲ, ಆಳುಗಳಿಗೆ ಕಾಫಿ ಕಾಯಿಸೋದು ಇಲ್ಲ. ಪಕ್ಕದ ಬೆಂಚಲ್ಲಿ ಸೇಲಂ ಕಡೆಯೋಳು ಒಬ್ಬಳು ಕೂತಿದ್ಲು. ಅವಳಿಗೂ ಮೂರು ಮಕ್ಕಳು. ಎಷ್ಟು ಮಾತಾಡಿದ್ವಿ ಗೊತ್ತಾ? ಅವಳು ಸೀರೆ ಒಳಗೆ ಮುರುಕು ಮುಚ್ಚಿಟ್ಕೊಂಡು ತಂದಿದ್ಲು."

ನನಗೆ ನಗು ಬಂತು. ಸಮಾಧಾನವೂ ಆಯಿತು. ಅಷ್ಟು ವರ್ಷ ನಾನು ತ್ಯಾಗ ಅಂದುಕೊಂಡಿದ್ದು ಅವಳಿಗೆ ರಜಾ ಆಗಿತ್ತು. ಅಲ್ಲಿಗೆ ಬಿಡಬಹುದಿತ್ತು. ಆದರೂ ಇನ್ನೊಂದು ಮಾತು ಕೇಳಿದೆ. ದುಡ್ಡು ಕೊಟ್ಟಿದ್ವಿ, ಒಂದಾದರೂ ಆಟ ಆಡಬೇಕು ಅಂತ ಅನ್ನಿಸಲೇ ಇಲ್ವಾ?

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎರಡು ತೊಳೆ ಬಿಡಿಸಿದಳು. ಆಮೇಲೆ, "ಆಡ್ದೆನಲ್ಲ" ಅಂದಳು.

"ಯಾವಾಗ?"

"ನೀವೆಲ್ಲ ನೀರಲ್ಲಿದ್ರಿ. ಆ ಸೇಲಂನವಳು ನಾನು ನೋಡ್ಕೋತೀನಿ, ಹೋಗಿ ಬನ್ನಿ ಅಂದ್ಲು. ದೊಡ್ಡ ತೊಟ್ಟಿಲು ಹತ್ತಿದೆ. ಒಬ್ಬಳೇ."

"ತಲೆ ಸುತ್ತಲಿಲ್ವಾ?"

"ಏನೂ ಸುತ್ತಲಿಲ್ಲ ಕಣೇ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲಮ್ಮ?"

"ಹೇಳಿದ್ರೆ ನಿಮ್ಮಪ್ಪ ಬಿಡ್ತಿದ್ರಾ? ಗುರುತಿಲ್ಲದೋರ ಕೈಲಿ ಬ್ಯಾಗು ಬಿಟ್ಟು ಹೋದ್ಯಾ, ಅದರಲ್ಲಿ ಪರ್ಸಿತ್ತು, ಕ್ಯಾಮೆರಾ ಇತ್ತು ಅಂತ ಊರಿಗೆ ಬರೋವರೆಗೂ ಅನ್ನೋರು."

ಅವಳು ಮತ್ತೆ ಕೈಗೆ ಎಣ್ಣೆ ಹಚ್ಚಿಕೊಂಡಳು. ಮೇಲೆ ಹೋದಾಗ ತೊಟ್ಟಿಲು ಒಂದು ಸಲ ನಿಂತಿತಂತೆ, ಕೆಳಗೆ ಜನ ಹತ್ತಿಸಿಕೊಳ್ಳುವುದಕ್ಕೆ. ಅಲ್ಲಿಂದ ಪಾರ್ಕೆಲ್ಲ ಕಾಣುತ್ತಿತ್ತಂತೆ. ನಾನು ಒದ್ದೆ ಬಟ್ಟೆಯಲ್ಲಿ ಜಾರುಬಂಡೆಯ ಸಾಲಿನಲ್ಲಿ ನಿಂತು ನಡುಗುತ್ತಿದ್ದೆನಂತೆ. ತಮ್ಮನ ಬೋಳುತಲೆ ಹೊಳೆಯುತ್ತಿತ್ತಂತೆ. ಅಪ್ಪ ಕೊಳದ ಪಕ್ಕ ಎರಡು ಟವೆಲ್ ಹೆಗಲಿಗೆ ಹಾಕಿಕೊಂಡು, ನಾವು ಬರುವುದನ್ನೇ ಕಾಯುತ್ತಾ ನಿಂತಿದ್ದರಂತೆ.

"ಎಲ್ಲರೂ ಕಾಣ್ತಿದ್ರಿ" ಅಂದಳು ಅಮ್ಮ. "ಕೈ ಬೀಸ್ದೆ. ಯಾರೂ ಮೇಲೆ ನೋಡ್ಲಿಲ್ಲ."